ಮನೆಗೆ ಬರುವ ನರ್ಸ್, ಅಟೆಂಡರ್ ಕೆಲಸ ಬಲ್ಲವರಾ? ದಾವಣಗೆರೆಯವರು ನೋಡಿಕೊಳ್ಳಬೇಕಾದದ್ದು

"ಅಪ್ಪಗೆ ಲಕ್ವ ಹೊಡೆದೈತ್ರಿ, ನಾಳೆ ಡಿಸ್ಚಾರ್ಜ್ ಅಂತಾರೆ. ಮನೇಲಿ ನೋಡ್ಕೊಳ್ಳೋಕೆ ಒಳ್ಳೇರು ಯಾರಾದ್ರೂ ಇದ್ರೆ ನಂಬರ್ ಕೊಡ್ರಿ." ವಿದ್ಯಾನಗರದಿಂದ, ನಿಟುವಳ್ಳಿಯಿಂದ, ಹರಿಹರ, ಹೊನ್ನಾಳಿಯಿಂದ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಕೆಲವರ ಅಪ್ಪ ಚಿಗಟೇರಿ ಆಸ್ಪತ್ರೆಯಿಂದ ಮನೆಗೆ ಬರುತ್ತಿರುತ್ತಾರೆ, ಕೆಲವರ ಅಮ್ಮ ಬಾಪೂಜಿಯಿಂದ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ.

ನಂಬರ್ ಕೊಡುವುದರಿಂದ ಪ್ರಯೋಜನ ಕಡಿಮೆ. ಒಂದೇ ಏಜೆನ್ಸಿ ಈ ತಿಂಗಳು ಚಿನ್ನದಂಥ ಹೆಂಗಸನ್ನು ಕಳಿಸುತ್ತದೆ, ಮುಂದಿನ ತಿಂಗಳು ಮೊಬೈಲ್ ಬಿಟ್ಟು ತಲೆ ಎತ್ತದ ಹುಡುಗನನ್ನು ಕಳಿಸುತ್ತದೆ. ಮನೆ ಆರೈಕೆಯಲ್ಲಿ ನೀವು ಪರೀಕ್ಷಿಸಬೇಕಾದ್ದು ಮುಖ್ಯವಾಗಿ ಹಾಸಿಗೆ ಪಕ್ಕ ನಿಲ್ಲುವ ವ್ಯಕ್ತಿಯನ್ನು. ಏಜೆನ್ಸಿಯ ಬೋರ್ಡು, ಆಫೀಸು, ಯೂನಿಫಾರ್ಮು ಎಲ್ಲ ಆಮೇಲಿನ ಮಾತು. ಅದಕ್ಕೆ ವೈದ್ಯಕೀಯ ಓದಿರಬೇಕಿಲ್ಲ. ಏನನ್ನು ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಶುರು ಮಾಡುವ ಮೊದಲು ಕೈಯಲ್ಲಿರಲಿ: ಡಿಸ್ಚಾರ್ಜ್ ಸಮ್ಮರಿಯ ಎರಡು ಜೆರಾಕ್ಸ್, ಈಗ ನಡೆಯುತ್ತಿರುವ ಮಾತ್ರೆಗಳ ಪಟ್ಟಿ, ಒಂದು ದಪ್ಪ ರೂಲ್ಡ್ ನೋಟ್‌ಬುಕ್, ಮೂರು ದಿನ ಮನೆಯಲ್ಲೇ ಇರಬಲ್ಲ ಒಬ್ಬ ಸಂಬಂಧಿಕರು. ಈ ಕೊನೆಯದನ್ನು ಹೊಂದಿಸುವುದೇ ಕಷ್ಟ. ಆದರೂ ಬಿಡಬೇಡಿ.

1. ನಿಮಗೆ ಬೇಕಾದ್ದು ಅಟೆಂಡರಾ, ನರ್ಸಾ?

ಇಲ್ಲಿ ಎಡವಿದರೆ ಮುಂದಿನದೆಲ್ಲ ಎಡವಟ್ಟು. ಅಟೆಂಡರ್ ಅಥವಾ ಕೇರ್‌ಟೇಕರ್ ಅಂದರೆ ಮೈ ಒರೆಸುವುದು, ಡಯಾಪರ್ ಬದಲಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಕೈ ಹಿಡಿದು ನಡೆಸುವುದು ಇಂಥ ಕೆಲಸದವರು. ಇವರಲ್ಲಿ ಕೆಲವರು ಜಿಡಿಎ ಕೋರ್ಸ್ ಮಾಡಿರುತ್ತಾರೆ. ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಸಹಾಯಕರ ತರಬೇತಿ ಅದು, ನರ್ಸಿಂಗ್ ಅಲ್ಲ. ನರ್ಸ್ ಅಂದರೆ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಎರಡು ವರ್ಷದ ಎಎನ್‌ಎಂ ಓದಿದವರಿಗೂ ಅಲ್ಲಿ ನೋಂದಣಿ ಇದೆ.

ಇಂಜೆಕ್ಷನ್, ಡ್ರಿಪ್, ಮೂಗಿನ ಪೈಪ್ ಹಾಕುವುದು, ಮೂತ್ರದ ಪೈಪ್ ಬದಲಿಸುವುದು, ಆಳವಾದ ಗಾಯದ ಡ್ರೆಸ್ಸಿಂಗ್, ಗಂಟಲಿನ ತೂತಿನಿಂದ ಕಫ ತೆಗೆಯುವುದು ನರ್ಸ್ ಕೆಲಸ. ಇವು ಯಾವುವೂ ಇಲ್ಲದಿದ್ದರೆ ಇಪ್ಪತ್ನಾಲ್ಕು ತಾಸು ನರ್ಸ್ ಇಟ್ಟುಕೊಳ್ಳುವುದು ದುಡ್ಡು ದಂಡ. ಡಿಸ್ಚಾರ್ಜ್ ದಿನ ಡಾಕ್ಟರನ್ನು ನೇರವಾಗಿ ಕೇಳಿ: "ಮನೆಯಲ್ಲಿ ನರ್ಸೇ ಮಾಡಬೇಕಾದ ಕೆಲಸ ಯಾವುದು, ದಿನಕ್ಕೆ ಎಷ್ಟು ಸಲ?" ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎಷ್ಟೋ ಮನೆಗಳಿಗೆ ದಿನವಿಡೀ ಅಟೆಂಡರ್, ಜೊತೆಗೆ ಡ್ರೆಸ್ಸಿಂಗ್‌ಗೆ ದಿನಕ್ಕೊಮ್ಮೆ ಬಂದು ಹೋಗುವ ನರ್ಸ್ ಇಷ್ಟೇ ಸಾಕಾಗುತ್ತದೆ.

ಎಚ್ಚರ: ನಮ್ಮೂರಲ್ಲಿ ಬಿಳಿ ಕೋಟು ಹಾಕಿದವರನ್ನೆಲ್ಲ ಸಿಸ್ಟರ್, ಬ್ರದರ್ ಅಂತ ಕರೆಯುವುದು ರೂಢಿ. ಏಜೆನ್ಸಿಯವರೂ ಹಾಗೇ ಕರೆಯುತ್ತಾರೆ, ರೇಟು ಮಾತ್ರ ನರ್ಸಿನದು ಹೇಳುತ್ತಾರೆ. ಇನ್ನೊಂದು, ದಾವಣಗೆರೆ ನರ್ಸಿಂಗ್ ಕಾಲೇಜುಗಳ ಊರು. ಓದುತ್ತಿರುವ ಹುಡುಗ ಹುಡುಗಿಯರು ರಾತ್ರಿ ಪಾಳಿಗೆ ಬರುವುದುಂಟು. ಒಳ್ಳೆಯ ಮಕ್ಕಳೇ ಇರಬಹುದು, ಆದರೆ ವಿದ್ಯಾರ್ಥಿ ನೋಂದಾಯಿತ ನರ್ಸ್ ಅಲ್ಲ. ಹಗಲು ಕ್ಲಾಸು, ರಾತ್ರಿ ಡ್ಯೂಟಿ ಅಂದಮೇಲೆ ಎರಡು ಗಂಟೆ ರಾತ್ರಿಗೆ ಮಗ್ಗುಲು ಬದಲಿಸಲು ಎದ್ದೇಳುತ್ತಾರೆ ಅನ್ನುವ ಭರವಸೆಯೂ ಇಲ್ಲ.

2. ಕಾಗದಪತ್ರ

"ನಮ್ಮದು ಗೌರ್ಮೆಂಟ್ ರಿಜಿಸ್ಟರ್ಡ್ ಏಜೆನ್ಸಿ" ಅನ್ನುವ ಮಾತು ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ. ಆ ಪ್ರಮಾಣಪತ್ರ ಕೈಗೆ ತೆಗೆದುಕೊಂಡು ಓದಿ. ಬಹಳ ಸಲ ಅದು ಕಾರ್ಮಿಕ ಇಲಾಖೆ ಕೊಡುವ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ ಆಗಿರುತ್ತದೆ. ಬಟ್ಟೆ ಅಂಗಡಿಗೂ ಅದೇ ನೋಂದಣಿ. ಅದು ಇರಬೇಕು, ನಿಜ. ಆದರೆ ಆರೈಕೆ ಹೇಗಿದೆ ಎಂಬುದರ ಬಗ್ಗೆ ಅದು ಏನೂ ಹೇಳುವುದಿಲ್ಲ. ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಬೇರೆ ನೋಂದಣಿ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007, ಚಿಕ್ಕದಾಗಿ ಕೆಪಿಎಂಇ. ಆಸ್ಪತ್ರೆಯೇ ಮನೆ ಆರೈಕೆ ಸೇವೆ ಕೊಡುತ್ತಿದ್ದರೆ ಅದರ ಕೆಪಿಎಂಇ ಸಂಖ್ಯೆ ಕೇಳಿ.

ಇನ್ನು ಬರುವ ವ್ಯಕ್ತಿಯ ಕಾಗದ. ನರ್ಸ್ ಆದರೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಪ್ರಮಾಣಪತ್ರ. ಹೆಸರು ಆಧಾರ್ ಜೊತೆ ಹೊಂದುತ್ತದೆಯೇ, ಅವಧಿ ಮುಗಿದಿದೆಯೇ ನೋಡಿ. ಕೇರಳದಲ್ಲೋ ಆಂಧ್ರದಲ್ಲೋ ಓದಿದವರಾದರೆ ಆ ರಾಜ್ಯದ ನೋಂದಣಿ ಇರುತ್ತದೆ, ಇಲ್ಲಿ ಕೆಲಸ ಮಾಡಲು ಇಲ್ಲಿನ ಪರಿಷತ್ತಿನಲ್ಲೂ ಮಾಡಿಸಿದ್ದಾರೆಯೇ ಎಂದು ಕೇಳಿ. ಅಟೆಂಡರ್ ಆದರೆ ಆಧಾರ್, ಈಗಿನ ವಿಳಾಸ, ಮನೆಯವರೊಬ್ಬರ ಫೋನ್, ಹಿಂದೆ ಕೆಲಸ ಮಾಡಿದ ಎರಡು ಮನೆಗಳ ನಂಬರ್. ಆ ಎರಡು ಮನೆಗೂ ಫೋನ್ ಹಚ್ಚಲೇಬೇಕು. "ಹೆಂಗಿದ್ರು?" ಅಂದರೆ "ಚೆನ್ನಾಗಿದ್ರು" ಅನ್ನುತ್ತಾರೆ ಅಷ್ಟೇ. "ಮತ್ತೆ ಬೇಕಾದರೆ ಇವರನ್ನೇ ಕರೆಸ್ತೀರಾ?" ಅಂತ ಕೇಳಿ. ಉತ್ತರಕ್ಕೆ ಮುಂಚಿನ ತಡವರಿಕೆಯಲ್ಲೇ ಎಲ್ಲ ಗೊತ್ತಾಗುತ್ತದೆ.

ಪೊಲೀಸ್ ಪರಿಶೀಲನೆಯನ್ನು ಏಜೆನ್ಸಿ ಮಾಡಿಸಿದ್ದರೆ ಅದರ ಪ್ರತಿ, ತಾರೀಖು ನೋಡಿ. ಮಾಡಿಸಿಲ್ಲದಿದ್ದರೆ ಸೇವಾ ಸಿಂಧು ಪೋರ್ಟಲ್‌ನ ಪೊಲೀಸ್ ಇಲಾಖೆ ಸೇವೆಗಳಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ನಿಮ್ಮ ಬಡಾವಣೆಯ ಠಾಣೆಯಲ್ಲಿ ವಿಚಾರಿಸಿ. ಹದಿನೆಂಟು ತುಂಬದವರನ್ನು ಯಾರು ಕಳಿಸಿದರೂ ವಾಪಸ್ ಕಳಿಸಿ.

3. ದುಡ್ಡು ಕೊಡುವ ಮೊದಲಿನ ಮಾತುಕತೆ

ಬಾಯಿಮಾತಿನ ಕರಾರು ಬೇಡ. ಒಂದು ಹಾಳೆ ಸಾಕು, ವಾಟ್ಸಾಪ್‌ನಲ್ಲಿ ಬರೆದು ಒಪ್ಪಿಗೆ ತೆಗೆದುಕೊಂಡರೂ ನಡೆದೀತು. ಅದರಲ್ಲಿ ಇರಬೇಕಾದ್ದು: ಪಾಳಿಯ ವೇಳೆ, ಮಾಡುವ ಕೆಲಸ, ಮಾಡದ ಕೆಲಸ, ವಾರದ ರಜೆ, ರಜೆಯ ದಿನ ಬದಲಿ ಯಾರು, ಅಡ್ವಾನ್ಸ್ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್. ನೋಂದಣಿ ಶುಲ್ಕ ಅಂತ ತೆಗೆದುಕೊಳ್ಳುವುದನ್ನು ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ. ಡಿಪಾಸಿಟ್ ಅಂತ ತೆಗೆದುಕೊಂಡದ್ದನ್ನು ಕೊಡಬೇಕು. ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರೆ ಬಿಡಿಸಿ ಬರೆಯಲು ಹೇಳಿ. ಪ್ರತಿ ಪಾವತಿಗೂ ಏಜೆನ್ಸಿ ಹೆಸರಿನ ರಸೀದಿ ಇರಲಿ. ಹುಡುಗನ ಸ್ವಂತ ಫೋನ್‌ಪೇ ನಂಬರಿಗೆ ಹಾಕಿ ಅಂದರೆ ಹಾಕಬೇಡಿ.

ಜಗಳೂರು, ಚನ್ನಗಿರಿ ಕಡೆಯ ಹಳ್ಳಿಯವರು ಒಂದು ಪ್ರಶ್ನೆ ಹೆಚ್ಚು ಕೇಳಬೇಕು: "ಇವತ್ತು ಬರಬೇಕಾದವರು ಬರಲಿಲ್ಲ ಅಂದ್ರೆ ನಮ್ಮೂರಿಗೆ ಬದಲಿ ಎಷ್ಟೊತ್ತಿಗೆ ಬರ್ತಾರೆ?" ಊರೊಳಗೆ ಎರಡು ತಾಸು ಅನ್ನುವ ಏಜೆನ್ಸಿ ಹಳ್ಳಿಗೆ ಮಾರನೇ ದಿನ ಅನ್ನಬಹುದು. ಕೊನೇ ಬಸ್ಸು ಹೋದಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಲಿಖಿತ ಕರಾರಿಗೆ ಇನ್ನೊಂದು ಕಾರಣವೂ ಇದೆ. ಎಳೆವಯಸ್ಸು, ಕಾಯಿಲೆ, ದೇಹದ ನಿಶ್ಶಕ್ತಿ, ಬುದ್ಧಿಭ್ರಮಣೆಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳುತ್ತೇವೆಂದು ಕಾನೂನುಬದ್ಧವಾಗಿ ಒಪ್ಪಿ ಬೇಕೆಂದೇ ಕೈಬಿಡುವುದು ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಒಪ್ಪಿದ್ದನ್ನು ತೋರಿಸಲು ಕಾಗದ ಬೇಕಲ್ಲ.

4. ಮನೆ ಸಿದ್ಧತೆ

ಇದಕ್ಕೆ ಹೆಚ್ಚು ಹೇಳುವುದಿಲ್ಲ. ಬಚ್ಚಲಿನಲ್ಲಿ ಹಿಡಿಕೆ, ಜಾರದ ಮ್ಯಾಟು, ರಾತ್ರಿ ಸಣ್ಣ ಲೈಟು. ಕೈ ತೊಳೆಯಲು ಸೋಪು ರೋಗಿಯ ಕೋಣೆಗೆ ಹತ್ತಿರ ಇರಲಿ, ಹಿತ್ತಲ ನಲ್ಲಿಯ ಹತ್ತಿರ ಇಟ್ಟರೆ ಯಾರೂ ಹೋಗುವುದಿಲ್ಲ. ಬಂಗಾರ, ಎಟಿಎಂ ಕಾರ್ಡು, ಆಸ್ತಿ ಪತ್ರ ಬೀಗದಲ್ಲಿರಲಿ. ನಿದ್ದೆ ಮಾತ್ರೆಯೂ ಬೀಗದಲ್ಲೇ ಇರಲಿ, ಕಾರಣ ಮುಂದೆ ಇದೆ.

ಆಮ್ಲಜನಕ ಇಡುವ ಮನೆಯಾದರೆ ಆ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ, ಬೀಡಿ ಯಾವುದೂ ಬೇಡ. ದೇವರ ಫೋಟೋ ಇದ್ದರೆ ಇರಲಿ, ದೀಪ ಹೊರಗಿನ ಕೋಣೆಯಲ್ಲಿ ಹಚ್ಚಿ. ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಯಂತ್ರ, ಕರೆಂಟಿಗೆ ನಡೆಯುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗುವುದು ನಿಮಗೆ ಗೊತ್ತೇ ಇದೆ. ಪಕ್ಕಕ್ಕೆ ಒಂದು ತುಂಬಿದ ಸಿಲಿಂಡರ್ ಇರಲೇಬೇಕು, ಅದನ್ನು ತೆರೆಯಲು ಬರುವವರೇ ಡ್ಯೂಟಿಯಲ್ಲಿರಬೇಕು.

5. ಮೊದಲ ದಿನ: ಕೈ ಕೆಲಸ ನೋಡಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಸಂಬಂಧಿಕರು ಮೂರು ದಿನ ಇರಬೇಕು ಅಂದದ್ದು ಇದಕ್ಕೇ. ಬಂದವರಿಗೆ ಚಹಾ ಕೊಡಿ, ಮಾತಾಡಿಸಿ, ಆಮೇಲೆ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡಿ.

ಕೈ. ರೋಗಿಯನ್ನು ಮುಟ್ಟುವ ಮೊದಲು ಸೋಪು ಹಚ್ಚಿ ತೊಳೆದರೇ? ಡಯಾಪರ್ ಬದಲಿಸಿದ ಗ್ಲೌಸಿನಲ್ಲೇ ನೀರಿನ ಲೋಟ ಹಿಡಿದರೇ? ಗ್ಲೌಸ್ ಹಾಕಿಕೊಂಡರೆ ಕೈ ತೊಳೆಯುವುದು ಬೇಡ ಅಂದುಕೊಂಡವರು ಬಹಳ ಮಂದಿ. ಗ್ಲೌಸ್ ತೆಗೆದ ಮೇಲೂ ತೊಳೆಯಬೇಕು.

ಮಗ್ಗುಲು. ತಾನಾಗಿ ಹೊರಳಲಾಗದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆಯ ನಿಯಮ. ಏರ್ ಬೆಡ್ ಹಾಕಿದ್ದೇವೆ, ಬದಲಿಸಬೇಕಿಲ್ಲ ಅನ್ನುವವರಿಗೆ ಕೆಲಸ ಗೊತ್ತಿಲ್ಲ. ಬದಲಿಸುವಾಗ ಮೈಯನ್ನು ಎಳೆದರೋ, ಕೆಳಗಿನ ಮಡಚಿದ ದುಪ್ಪಟಿ ಹಿಡಿದು ಎತ್ತಿ ಸರಿಸಿದರೋ ನೋಡಿ. ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. ಲಕ್ವ ಹೊಡೆದವರ ಬಲವಿಲ್ಲದ ಕೈ ಹಿಡಿದು ಜಗ್ಗಿ ಎಬ್ಬಿಸುವುದಂತೂ ಕೂಡದು, ಭುಜದ ಕೀಲು ಸರಿದು ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಇದೊಂದನ್ನು ಸರಿಯಾಗಿ ಮಾಡುವ ಅಟೆಂಡರ್ ಸಿಕ್ಕರೆ ಅರ್ಧ ಚಿಂತೆ ಕಳೆಯಿತು.

ಮೂಗಿನ ಪೈಪ್. ಆಸ್ಪತ್ರೆಯವರು ರೈಲ್ಸ್ ಟ್ಯೂಬ್ ಅನ್ನುತ್ತಾರೆ, ಮೂಗಿನಿಂದ ಹೊಟ್ಟೆಯವರೆಗೆ ಹೋಗುವ ಊಟದ ಕೊಳವೆ. ಮೂಗಿನ ಬಳಿ ಪೈಪ್ ಮೇಲಿನ ಗುರುತು ನಿನ್ನೆ ಇದ್ದಲ್ಲೇ ಇದೆಯೇ ಎಂದು ನೋಡಿದರೇ? ತಲೆ ಕಡೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿದರೇ? ಗಂಜಿಯನ್ನು ಸಿರಿಂಜಿನಿಂದ ಒತ್ತಿ ನೂಕದೆ ತಾನಾಗಿ ಇಳಿಯಲು ಬಿಟ್ಟರೇ? ಆಮೇಲೆ ನೀರು ಹಾಕಿ ಪೈಪ್ ತೊಳೆದರೇ? ಊಟವಾದ ಮೇಲೆ ಕನಿಷ್ಠ ಅರ್ಧ ತಾಸು ಮಲಗಿಸದೆ ಹಾಗೇ ಒರಗಿಸಿ ಕೂರಿಸಿದರೇ? ಮಲಗಿಸಿಯೇ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಪೈಪ್ ಕಳಚಿ ಬಂದರೆ ಅಟೆಂಡರ್ ತಾನೇ ಮತ್ತೆ ತೂರಿಸಬಾರದು. "ಕಳಚಿ ಬಂದ್ರೆ ಏನ್ಮಾಡ್ತೀರಿ?" ಅಂತ ಕೇಳಿ ನೋಡಿ. "ನಾನೇ ಹಾಕ್ತೀನಿ ಬಿಡ್ರಿ" ಅನ್ನುವ ಧೈರ್ಯಶಾಲಿಗಿಂತ "ಮುಟ್ಟಲ್ಲ, ಸಿಸ್ಟರ್‌ಗೆ ಫೋನ್ ಮಾಡ್ತೀನಿ" ಅನ್ನುವವರು ವಾಸಿ.

ಮೂತ್ರದ ಚೀಲ. ಸೊಂಟಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ರೋಗಿಯನ್ನು ಕುರ್ಚಿಗೆ ಕೂರಿಸುವಾಗ ಚೀಲವನ್ನು ಹೊಟ್ಟೆ ಮೇಲೆ ಇಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ತರುತ್ತದೆ. ಈ ತಪ್ಪು ತುಂಬಾ ಸಾಮಾನ್ಯ.

ಇನ್ಸುಲಿನ್. ಇಲ್ಲಿ ನೀವೇ ಕನ್ನಡಕ ಹಾಕಿಕೊಂಡು ನೋಡಬೇಕು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಇನ್ಸುಲಿನ್ ಸೀಸೆಗಳಲ್ಲಿ ಹೆಚ್ಚಿನವು ಒಂದು ಮಿಲಿಗೆ 40 ಯೂನಿಟ್‌ನವು, ಕೆಲವು 100 ಯೂನಿಟ್‌ನವು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಸೀಸೆಗೂ ಸಿರಿಂಜಿಗೂ ಜೋಡಿ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಜೀವಕ್ಕೇ ಅಪಾಯ. ಸೀಸೆ ಮೇಲಿನ ಸಂಖ್ಯೆ, ಮುಚ್ಚಳದ ಬಣ್ಣ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಸಕ್ಕರೆ 70ಕ್ಕಿಂತ ಇಳಿದರೆ ಏನು ಮಾಡಬೇಕು ಎಂದು ಕೇಳಿ. ಎಚ್ಚರವಿದ್ದು ನುಂಗಲು ಬರುವವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್. ಇಷ್ಟು ಹೇಳಲು ಬಾರದವರ ಕೈಗೆ ಇನ್ಸುಲಿನ್ ಕೊಡಬೇಡಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದು ಬೇಡ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ನೇರ ಬೀಳಲಿ. ಕಸದ ಗಾಡಿಯವರ ಕೈಗೆ ಚುಚ್ಚಿದರೆ ಅದು ನಿಮ್ಮ ಮನೆಯ ತಪ್ಪು.

ಎಚ್ಚರ: "ಸುಸ್ತಾಗ್ಯಾರೆ, ಒಂದು ಡ್ರಿಪ್ ಹಾಕಿಬಿಡೋಣ" ಎಂಬ ಸಲಹೆ ನರ್ಸಿನಿಂದಲೂ ಬರಬಹುದು, ನಮ್ಮ ಹಿರಿಯರೂ ಅದನ್ನೇ ಕೇಳುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ಬೇಡ. ಹೃದಯ, ಕಿಡ್ನಿ ದುರ್ಬಲ ಇರುವವರಿಗೆ ಒಂದು ಬಾಟಲಿ ಹೆಚ್ಚಾದರೂ ಉಸಿರು ಕಟ್ಟುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಾತು. ಬಟ್ಟೆ ಬಿಚ್ಚುವ ಮೊದಲು "ಅಜ್ಜಾರೆ, ಮೈ ಒರೆಸ್ತೀನ್ರಿ" ಅಂದರೋ, ಅಥವಾ ಮೂಟೆ ತಿರುಗಿಸಿದಂತೆ ತಿರುಗಿಸಿದರೋ? ಬಾಗಿಲು ಮುಂದೆ ಮಾಡಿದರೋ? ಮಾತು ಬಿದ್ದುಹೋದ ರೋಗಿಗೂ ಕೇಳಿಸುತ್ತಿರುತ್ತದೆ, ನಾಚಿಕೆಯೂ ಆಗುತ್ತದೆ.

6. ನೋಟ್‌ಬುಕ್

ಏಜೆನ್ಸಿಯ ಆ್ಯಪ್ ಇದ್ದರೂ ಹಾಸಿಗೆ ಪಕ್ಕ ಒಂದು ಪುಸ್ತಕ ಇರಲಿ. ಗೆರೆ ಹೊಡೆದು ಮನೆಗಳು ಮಾಡಿ: ವೇಳೆ, ಮಾತ್ರೆ, ಊಟ ನೀರು, ಮೂತ್ರ, ಕಕ್ಕಸು, ಯಾವ ಮಗ್ಗುಲು, ಬಿಪಿ, ಸಕ್ಕರೆ, ಸಹಿ. ಪಾಳಿ ಬದಲಾಗುವಾಗ ಇಬ್ಬರೂ ಅದನ್ನು ಓದಿ ಸಹಿ ಹಾಕಬೇಕು.

ಪುಸ್ತಕ ತುಂಬಿದೆ ಅಂತ ಖುಷಿಪಡಬೇಡಿ, ಹೇಗೆ ತುಂಬಿದೆ ನೋಡಿ. ಬಿಪಿ ಐದು ದಿನವೂ ಒಂದೇ ಅಂಕಿ ಇದ್ದರೆ ಯಾರೂ ಅಳೆದಿಲ್ಲ. ರಾತ್ರಿ ಹನ್ನೆರಡು, ಎರಡು, ನಾಲ್ಕು ಗಂಟೆಯ ಸಾಲುಗಳು ಒಂದೇ ಓಟದಲ್ಲಿ, ಒಂದೇ ಓರೆಯಲ್ಲಿ ಬರೆದಂತಿದ್ದರೆ ಅದು ಬೆಳಿಗ್ಗೆ ಆರಕ್ಕೆ ಬರೆದದ್ದು. ಮಾತ್ರೆಯ ಸ್ಟ್ರಿಪ್ ಎಣಿಸಿ ಪುಸ್ತಕದ ಜೊತೆ ತಾಳೆ ನೋಡಿ. ನಿದ್ದೆ ಮಾತ್ರೆಯ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ. ರಾತ್ರಿ ತೊಂದರೆ ಬೇಡವೆಂದು ಒಂದು ಹೆಚ್ಚು ನುಂಗಿಸುವವರು ಇದ್ದಾರೆ.

7. ವಾರಕ್ಕೊಮ್ಮೆ ನೀವೇ ನೋಡಬೇಕಾದ್ದು

ಮೈ ಒರೆಸುವ ಹೊತ್ತಿಗೆ ಹಾಜರಿರಿ. ಬೆನ್ನ ಬುಡ, ಸೊಂಟದ ಎರಡೂ ಬದಿ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪಗಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಣ್ಣ ಬದಲಾಗದೆ ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ತಪ್ಪು. ಮೊದಲು ಆ ಜಾಗದ ಮೇಲೆ ಭಾರ ಬೀಳದಂತೆ ಮಾಡಬೇಕು, ಆಮೇಲೆ ಡಾಕ್ಟರಿಗೆ ತಿಳಿಸಬೇಕು.

ಇವನ್ನೂ ಗಮನಿಸಿ: ತೋಳಿನ ಮೇಲೆ ಬೆರಳಚ್ಚಿನಂಥ ಕಂದು ಗುರುತು, ಮಣಿಕಟ್ಟಿನಲ್ಲಿ ಕಟ್ಟಿದ ಗೆರೆ, ಹಗಲೆಲ್ಲ ತೂಕಡಿಕೆ, ಒಣಗಿದ ನಾಲಿಗೆ, ತೂಕ ಇಳಿಕೆ, ಆ ವ್ಯಕ್ತಿ ಕೋಣೆಗೆ ಬಂದ ಕೂಡಲೇ ಹಿರಿಯರು ಮಾತು ನಿಲ್ಲಿಸುವುದು. ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಎರಡು ಮೂರು ಒಟ್ಟಿಗೆ ಕಂಡರೆ ವಿವರಣೆಗೆ ಕಾಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಒಣ ನಾಲಿಗೆಯನ್ನು ಸೆಖೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಎಷ್ಟು ನೀರು ಕುಡಿಸಿದ್ದಾರೆ ಎಂದು ಪುಸ್ತಕದಲ್ಲಿ ನೋಡಿ.

ದೂರದಲ್ಲಿರುವ ಮಕ್ಕಳಿಗೆ: ದಿನಾ ಒಂದೇ ಹೊತ್ತಿಗೆ ವಿಡಿಯೋ ಕಾಲ್ ಮಾಡಿದರೆ ಆ ಹೊತ್ತಿಗೆ ಎಲ್ಲ ಚೆನ್ನಾಗಿರುತ್ತದೆ. ವೇಳೆ ಬದಲಿಸಿ. ಮುಖ ತೋರಿಸಿದರೆ ಸಾಲದು, ಪುಸ್ತಕದ ಇವತ್ತಿನ ಪುಟ, ಮೂತ್ರದ ಚೀಲ, ಹಿಮ್ಮಡಿ ತೋರಿಸಲು ಹೇಳಿ. ಪಕ್ಕದ ಮನೆಯ ಕಾಕಾನೋ ಅತ್ತೆಯೋ ಹೇಳದೆ ಕೇಳದೆ ಒಳಗೆ ಬಂದು ಹೋಗುವ ರೂಢಿ ಇದ್ದರೆ ಅದಕ್ಕಿಂತ ದೊಡ್ಡ ಕ್ಯಾಮೆರಾ ಇಲ್ಲ. ಕ್ಯಾಮೆರಾ ಹಾಕುವುದೇ ಆದರೆ ಮೊದಲೇ ತಿಳಿಸಿ ಹಾಕಿ. ಬಚ್ಚಲು, ಬಟ್ಟೆ ಬದಲಿಸುವ ಜಾಗ, ಅವರು ಮಲಗುವ ಜಾಗಕ್ಕೆ ತಿರುಗಿಸಬೇಡಿ, ಅದು ಕಾನೂನಿನ ತೊಂದರೆಗೂ ದಾರಿ.

8. ಬಂದವರ ಸುರಕ್ಷತೆ

ಇಪ್ಪತ್ನಾಲ್ಕು ತಾಸಿನ ಡ್ಯೂಟಿ ಎಂದು ಒಬ್ಬರನ್ನೇ ಇಟ್ಟುಕೊಂಡು ರಾತ್ರಿ ಎರಡು ತಾಸಿಗೊಮ್ಮೆ ಏಳಬೇಕೆಂದರೆ ಮೂರನೇ ದಿನಕ್ಕೆ ಮನುಷ್ಯ ಬೀಳುತ್ತಾನೆ. ದಣಿದ ಕೈಯಿಂದಲೇ ತಪ್ಪು ಮಾತ್ರೆ, ಬಚ್ಚಲಲ್ಲಿ ಜಾರುವುದು. ರಾತ್ರಿ ಆರೈಕೆ ಬೇಕಿದ್ದರೆ ಎರಡು ಪಾಳಿ ಮಾಡಿ, ಇಲ್ಲವೇ ಹಗಲು ಆರು ತಾಸು ನಿದ್ದೆ ಮಾಡಲು ಬಿಡಿ. ಊಟ, ಮಲಗಲು ಜಾಗ, ಹೆಂಗಸರಾದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಇಡೀ ಮನೆಯ ಪಾತ್ರೆ, ಬಟ್ಟೆ, ಮಕ್ಕಳ ಟಿಫಿನ್ ಬಾಕ್ಸ್ ಅವರ ತಲೆಗೆ ಹಾಕಬೇಡಿ. ಮನೆಯ ಗಂಡಸರಿಂದಲೋ ರೋಗಿಯಿಂದಲೋ ಹೆಂಗಸರಿಗೆ ಲೈಂಗಿಕ ಕಿರುಕುಳವಾದರೆ ದೂರು ಕೊಡಲು, ಕೆಲಸದ ಜಾಗದಲ್ಲಿ ಅಂಥ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ, ಮನೆಕೆಲಸದವರ ದೂರನ್ನೂ ಅದು ಕೇಳುತ್ತದೆ.

9. ಕೆಟ್ಟರೆ ಎಲ್ಲಿಗೆ ಹೋಗಬೇಕು

ಹೊಡೆತ, ಕಳ್ಳತನ, ಬಿಟ್ಟು ಓಡಿಹೋಗುವುದು: 112. ಹಿರಿಯರಿಗೆ ಕಿರುಕುಳದ ವಿಷಯದಲ್ಲಿ ಸಲಹೆ, ನೆರವು ಬೇಕಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567. ದುಡ್ಡು ತೆಗೆದುಕೊಂಡು ಸೇವೆ ಕೊಡದಿದ್ದರೆ, ಡಿಪಾಸಿಟ್ ನುಂಗಿದರೆ ಗ್ರಾಹಕ ಸಹಾಯವಾಣಿ 1915. ಅದರಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಅರ್ಜಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ವಕೀಲರಿಲ್ಲದೆಯೂ ನಡೆಸಬಹುದು. ನೋಂದಾಯಿತ ನರ್ಸಿನ ವೃತ್ತಿದೋಷವಾದರೆ ನರ್ಸಿಂಗ್ ಪರಿಷತ್ತಿಗೆ ಬರೆಯಿರಿ.

ಹಲವರು ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿ ಅಲ್ಲಿದೆ, ಸರಿ. ಆದರೆ ಅದು ಮುಖ್ಯವಾಗಿ ಮಕ್ಕಳು, ವಾರಸುದಾರರಿಂದ ಜೀವನಾಂಶ ಕೊಡಿಸುವುದಕ್ಕೆ. ಏಜೆನ್ಸಿಯ ಜಗಳ ಅಲ್ಲಿ ಬಗೆಹರಿಯುವುದಿಲ್ಲ.

ಎಲ್ಲಿಗೆ ಹೋದರೂ ಕೇಳುವುದು ಸಾಕ್ಷಿ. ಮೊದಲ ದಿನವೇ ಬೆನ್ನು, ಹಿಮ್ಮಡಿಯ ಫೋಟೋ ತಾರೀಖು ಬರುವಂತೆ ತೆಗೆದಿಡಿ. ಆಗ ಹುಣ್ಣು ಆಸ್ಪತ್ರೆಯಿಂದಲೇ ಬಂದದ್ದೋ ಮನೆಯಲ್ಲಿ ಆದದ್ದೋ ಎಂಬ ವಾದಕ್ಕೆ ಜಾಗವಿರುವುದಿಲ್ಲ. ಕರಾರು, ರಸೀದಿ, ವಾಟ್ಸಾಪ್ ಮಾತು, ಮೂಲ ನೋಟ್‌ಬುಕ್ ನಿಮ್ಮ ಬಳಿಯೇ ಇರಲಿ. ಏಜೆನ್ಸಿಯವರು ಪುಸ್ತಕ ಕೇಳಿದರೆ ಜೆರಾಕ್ಸ್ ಕೊಡಿ.

ಬರೀ ಕೆಲಸ ಹಿಡಿಸದೆ ಬದಲಿಸುವುದಾದರೆ ಜಗಳ ಬೇಡ. ಹೊಸಬರು ಬರುವ ದಿನ ಹಳಬರನ್ನು ಅರ್ಧ ದಿನ ಜೊತೆಗೆ ಉಳಿಸಿಕೊಳ್ಳಿ, ಅದಕ್ಕೆ ಪೂರ್ತಿ ದಿನದ ಸಂಬಳ ಕೊಡಿ. ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಮಗ್ಗುಲಿಗೆ ತಿರುಗಿಸಿದರೆ ಅಮ್ಮ ನರಳುತ್ತಾರೆ ಎಂಬುದೆಲ್ಲ ಆ ಅರ್ಧ ದಿನದಲ್ಲಿ ಹೊಸಬರಿಗೆ ಗೊತ್ತಾಗುತ್ತದೆ. ಹೋಗುವಾಗ ಬೀಗದ ಕೈ ವಾಪಸ್ ತೆಗೆದುಕೊಂಡು, ವೈಫೈ, ಫೋನ್‌ಪೇ ಪಿನ್ ಬದಲಿಸಿ.